ಒಕ್ಕಲುತನದ ಹೊಸ ದಾರಿಗಳೂ ನಮ್ಮ ಭಯವೂ

(ಗಿಣಿಗೇರಾದ ಒಬ್ಬ ವಿದ್ಯಾರ್ಥಿ, ಅಂತಿಮ ಬಿ.ಎ.)

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವನು ನಾನೇ ಮೊದಲಿಗ. ಹೆಮ್ಮೆಪಡಲೆಂದು ಈ ಮಾತನ್ನು ಎತ್ತುತ್ತಿಲ್ಲ. ಅದರಿಂದ ಒದಗಿದ ಒಂದು ಪೇಚನ್ನು ಸಹಪಾಠಿಗಳ ಮುಂದೆ ಇಡಬೇಕಾಗಿದೆ. ಮನೆಯಲ್ಲಿ ಓದಿದವನು ಒಬ್ಬನೇ ಇದ್ದರೆ, ಬ್ಯಾಂಕಿನ ನೋಟೀಸು, ಔಷಧದ ಡಬ್ಬಿಯ ಮೇಲಿನ ಅಕ್ಷರ, ಪಹಣಿಯಲ್ಲಿನ ತಪ್ಪು ಎಲ್ಲಕ್ಕೂ ಅವನೇ ಅರ್ಥ ಹೇಳಬೇಕು. 2023ರ ಮುಂಗಾರಿನಲ್ಲಿ, ನಾನು ಬಿ.ಎ. ಮೊದಲನೆಯ ವರ್ಷಕ್ಕೆ ಆಗತಾನೆ ಸೇರಿದ್ದಾಗ, ನಮ್ಮ ತಂದೆಯವರು ಒಂದು ಸಂಜೆ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಆಕಾಶವನ್ನು ನೋಡಿ ನನ್ನನ್ನು ಕರೆದರು. "ತಮ್ಮಾ, ನೀ ಓದಿದಾವ ಅದೀ. ಮಳಿ ಇನ್ನ ಮ್ಯಾಲೆ ಹಿಂಗ ಏನು? ಬಿತ್ತಬೇಕೋ, ಹೊಲಾ ಮಾರಿ ಕುಂದರಬೇಕೋ, ಹೇಳು" ಎಂದು ಕೇಳಿದರು.

ನಮ್ಮದು ಮೂರು ಎಕರೆ ಮಸಾರಿ ಹೊಲ. ಒಂದು ಮಗ್ಗುಲಿಗೆ ಕಾರ್ಖಾನೆಯ ಚಿಮಣಿ, ಇನ್ನೊಂದು ಮಗ್ಗುಲಿಗೆ ರೈಲು ಹಳಿ. ಸಜ್ಜೆಯನ್ನು ಬಿತ್ತುವ ಹದ ಆಗಲೇ ತಪ್ಪಿಹೋಗಿತ್ತು. ಹೊಲ ಕೊಳ್ಳುವವರು ಊರಿಗೆ ಬಂದು ಹೋಗುತ್ತಲೇ ಇದ್ದರು. ನಾನು ಪರಿಸರ ಅಧ್ಯಯನದ ಪುಸ್ತಕವನ್ನು ಓದಿದ್ದೆನು. ಭೂಮಿಯ ಉಷ್ಣತೆ ಯಂತ್ರಯುಗಕ್ಕಿಂತ ಮುಂಚಿನ ಕಾಲಕ್ಕೆ ಹೋಲಿಸಿದರೆ ಒಂದು ಡಿಗ್ರಿಗಿಂತ ಹೆಚ್ಚು ಏರಿದೆಯೆಂದೂ, ಹಿಮ ಕರಗುತ್ತಿದೆಯೆಂದೂ, ಸಮುದ್ರ ಮೇಲೇರುತ್ತಿದೆಯೆಂದೂ ಬಲ್ಲವನಾಗಿದ್ದೆನು. ಆದರೆ ಮೂರು ಎಕರೆಯ ಪ್ರಶ್ನೆಗೆ ಅದರಲ್ಲಿ ಒಂದು ಸಾಲಿನ ಉತ್ತರವೂ ದೊರೆಯಲಿಲ್ಲ. "ನೋಡೂಣ ಯಪ್ಪಾ" ಎಂದು ಒಳಕ್ಕೆ ಹೋದೆನು. ಆ ವರ್ಷ ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಸಾರಿತು; ನಮ್ಮ ಜಿಲ್ಲೆಯೂ ಅದರಲ್ಲಿ ಸೇರಿತ್ತು.

ಈ ಬಗೆಯ ಭಯ ನನ್ನೊಬ್ಬನದೇ ಅಲ್ಲವೆಂಬುದು ಬಳಿಕ ತಿಳಿಯಿತು. 2021ರಲ್ಲಿ ಭಾರತವೂ ಸೇರಿ ಹತ್ತು ದೇಶಗಳಲ್ಲಿ, 16ರಿಂದ 25 ವರ್ಷದೊಳಗಿನ ಹತ್ತು ಸಾವಿರ ತರುಣರನ್ನು ಪ್ರಶ್ನಿಸಿ ಒಂದು ಸಮೀಕ್ಷೆಯನ್ನು ನಡೆಸಿದರು. ನೂರಕ್ಕೆ 59 ಮಂದಿ ಹವಾಮಾನದ ಬದಲಾವಣೆಯಿಂದ ತಮಗೆ ಬಹಳ ಅಥವಾ ಅತಿಯಾದ ಚಿಂತೆಯಾಗಿದೆಯೆಂದರು. ನೂರಕ್ಕೆ 75 ಮಂದಿ ಭವಿಷ್ಯವೇ ಹೆದರಿಕೆ ಹುಟ್ಟಿಸುತ್ತದೆಯೆಂದರು. ನಮ್ಮ ವಸತಿನಿಲಯದಲ್ಲಿ ಯಾರೂ ಈ ಪ್ರಶ್ನೆಯನ್ನು ಕೇಳಿಲ್ಲ. ಕೇಳಿದ್ದರೆ ಕುಷ್ಟಗಿ, ಯಲಬುರ್ಗಾ ಕಡೆಯ ಗೆಳೆಯರು ಹವಾಮಾನವೆಂಬ ಶಬ್ದವನ್ನೇ ಬಳಸದೆ, "ಊರಾಗ ಬೋರು ಬತ್ತೈತಿ, ನಾ ಬೆಂಗಳೂರಿಗೆ ಹೊಂಟೀನಿ" ಎನ್ನುತ್ತಿದ್ದರೆಂದು ತೋರುತ್ತದೆ. ಭಯವು ಅದೇ, ನಮ್ಮಲ್ಲಿ ಅದು ಬಸ್ಸಿನ ಟಿಕೀಟಿನ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ.

ನಮ್ಮ ಅಧ್ಯಾಪಕರಲ್ಲಿ ಕ್ಷಮೆ ಬೇಡಿ ಒಂದು ಮಾತನ್ನು ಹೇಳಬಯಸುತ್ತೇನೆ. ಪರಿಸರ ದಿನದಂದು ನಾವು ಕೇಳುವ ಭಾಷಣಗಳಲ್ಲಿ ಮೊದಲಿನ ಅರ್ಧಗಂಟೆ ಪ್ರಳಯದ ವರ್ಣನೆ ಇರುತ್ತದೆ. ಕೊನೆಯ ಐದು ನಿಮಿಷದಲ್ಲಿ ಒಂದು ಸಸಿಯನ್ನು ನೆಡಿರೆಂಬ ಉಪದೇಶ ಬರುತ್ತದೆ. ಅಷ್ಟು ದೊಡ್ಡ ರೋಗಕ್ಕೆ ಇಷ್ಟು ಸಣ್ಣ ಮದ್ದನ್ನು ಹೇಳಿದರೆ ಕೇಳುವವನಿಗೆ ಮದ್ದಿನ ಮೇಲೆಯೂ ನಂಬಿಕೆ ಹೋಗುತ್ತದೆ, ರೋಗದ ಮೇಲೆಯೂ ಹೋಗುತ್ತದೆ. ನಾವು ನೆಟ್ಟ ಸಸಿಗಳು ಕಾಲೇಜಿನ ಹಿಂಭಾಗದಲ್ಲಿ ಯಾವ ಸ್ಥಿತಿಯಲ್ಲಿವೆಯೆಂಬುದನ್ನು ಎಲ್ಲರೂ ಬಲ್ಲರು. ನನ್ನ ಭಯವು ಸ್ವಲ್ಪ ಮಟ್ಟಿಗೆ ಇಳಿದದ್ದು ಭಾಷಣದಿಂದಲ್ಲ. ಕಾರಟಗಿಯ ಕಡೆಯಲ್ಲಿ ಲಾವಣಿಗೆ ಹೊಲ ಹಿಡಿದಿರುವ ನಮ್ಮ ಸೋದರಮಾವನವರ ಗದ್ದೆಯಲ್ಲಿ.

ಗಿಣಿಗೇರಾದಿಂದ ಗಂಗಾವತಿ, ಕಾರಟಗಿಗಳ ಕಡೆಗೆ ಈಗ ರೈಲುಂಟು. ಚಿಮಣಿಗಳ ಸಾಲನ್ನು ದಾಟಿದ ಕೆಲವೇ ಹೊತ್ತಿನಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಯ ಸೀಮೆ ಬರುತ್ತದೆ. ಕಣ್ಣು ಹಾಯಿಸಿದಷ್ಟು ಭತ್ತ. ನಮ್ಮ ಬೆದ್ದಲು ಹೊಲದವರಿಗೆ ಅದನ್ನು ನೋಡಿದರೆ ಸ್ವಲ್ಪ ಹೊಟ್ಟೆಕಿಚ್ಚು ಸಹಜ. ಆದರೆ ಆ ಹಸಿರಿನ ಒಳಗೆ ಎರಡು ಕಾಯಿಲೆಗಳಿವೆಯೆಂಬುದನ್ನು ಮಾವನವರು ತೋರಿಸಿಕೊಟ್ಟರು.

ಮೊದಲನೆಯದು ನೀರಿನದು. 1945ರಲ್ಲಿ ಅಡಿಗಲ್ಲನ್ನಿಟ್ಟು 1953ರಲ್ಲಿ ನೀರು ಹರಿಸಿದ ತುಂಗಭದ್ರಾ ಜಲಾಶಯದಲ್ಲಿ ಮೊದಲಿಗೆ 133 ಟಿಎಂಸಿ ನೀರು ನಿಲ್ಲುತ್ತಿತ್ತು. ಹೂಳು ತುಂಬಿ ತುಂಬಿ ಆ ಸಾಮರ್ಥ್ಯ 105 ಟಿಎಂಸಿಯ ಆಸುಪಾಸಿಗೆ ಇಳಿದಿದೆ. ಯೋಜನೆಯನ್ನು ಮಾಡಿದವರು ಈ ಸೀಮೆಯ ಬಹುಭಾಗಕ್ಕೆ ಜೋಳ, ಹತ್ತಿ, ಶೇಂಗಾಗಳಂಥ ಕಡಿಮೆ ನೀರಿನ ಬೆಳೆಗಳನ್ನೇ ಗೊತ್ತುಮಾಡಿದ್ದರು. ಭತ್ತಕ್ಕೆ ಸ್ವಲ್ಪವೇ ನೆಲವನ್ನು ಬಿಟ್ಟಿದ್ದರು. ಆದರೆ ಕಾಲುವೆಯ ಮೇಲ್ಭಾಗದಲ್ಲೆಲ್ಲ ಭತ್ತವೇ ತುಂಬಿತು. ರಾಯಚೂರು ಜಿಲ್ಲೆಯ ಕೊನೆಭಾಗದ ರೈತರು ಬಾಯಾರಿ ಕುಳಿತರು. ಎರಡನೆಯದು ಸವಳಿನ ಕಾಯಿಲೆ. ವರ್ಷಕ್ಕೆರಡು ಬಾರಿ ನೀರು ನಿಂತ ಕಪ್ಪು ನೆಲದಲ್ಲಿ ಅಂತರ್ಜಲ ಮೇಲಕ್ಕೆ ಬಂದು, ಉಪ್ಪನ್ನು ತಂದು ಮೇಲೆ ಬಿಟ್ಟು ಆರಿಹೋಗುತ್ತದೆ. ಬೇಸಿಗೆಯಲ್ಲಿ ನೋಡಿದರೆ ಸುಣ್ಣ ಬಳಿದಂತೆ ಕಾಣುವ ಹೊಲಗಳು ಗಂಗಾವತಿ ಕಡೆಯಲ್ಲಿ ಬೇಕಾದಷ್ಟಿವೆ. ಬರಗಾಲಕ್ಕೆ ನೀರಿಲ್ಲದೆ ಸಾಯುವ ಹೊಲವನ್ನು ನಾನು ಬಲ್ಲೆ; ನೀರು ಹೆಚ್ಚಾಗಿ ಸಾಯುವ ಹೊಲವನ್ನು ಅಲ್ಲಿಯೇ ಮೊದಲು ಕಂಡೆನು.

2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ಆ ವಾರವಿಡೀ ಸೀಮೆಯಲ್ಲಿ ಯಾರಿಗೂ ನಿದ್ರೆಯಿರಲಿಲ್ಲ. ತುಂಬಿದ ಆಣೆಕಟ್ಟಿನ ನೀರು ಹೊಳೆಗೆ ಹರಿಯುತ್ತಿತ್ತು. ನಾಟಿ ಮಾಡಿದ ಸಸಿ ಗದ್ದೆಯಲ್ಲಿ ನಿಂತಿತ್ತು. ತಾತ್ಕಾಲಿಕವಾದ ಅಡ್ಡಗಟ್ಟೆಯನ್ನು ಇಳಿಸಿ ನೀರನ್ನು ತಡೆದರು, ಮಳೆಯೂ ಕೈಹಿಡಿಯಿತು, ಆ ಬೆಳೆ ಉಳಿಯಿತು. ಆದರೆ 2025ರಲ್ಲಿ ಜಲಾಶಯದಲ್ಲಿ 80 ಟಿಎಂಸಿಯಷ್ಟು ಮಾತ್ರ ನೀರನ್ನು ನಿಲ್ಲಿಸಿದರು. ಗೇಟುಗಳನ್ನೆಲ್ಲ ಬದಲಿಸುವುದಕ್ಕಾಗಿ ಎರಡನೆಯ ಬೆಳೆಗೆ ನೀರು ಬಿಡುವುದಿಲ್ಲವೆಂಬ ತೀರ್ಮಾನವೂ ಆಯಿತು. ನೀರು ಬಂದೇ ಬರುವುದೆಂದು ನಂಬಿದ್ದ ಸೀಮೆಗೂ ನಮ್ಮಂತೆ ಆಕಾಶವನ್ನು ನೋಡುವ ಅಭ್ಯಾಸ ಬಂದಿತು.

ಇಂಥ ಕಾಲದಲ್ಲಿ ನಮ್ಮ ಮಾವನವರು ಮಾಡಿದ ಕೆಲಸವನ್ನು ಹೇಳುತ್ತೇನೆ. ಅವರು ಹಿಡಿದಿರುವುದು ಐದು ಎಕರೆ. 2024ರ ಜೂನಿನಲ್ಲಿ ಅದರಲ್ಲಿ ಎರಡು ಎಕರೆಗೆ ಸಸಿಮಡಿಯನ್ನು ಮಾಡದೆ, ಕೆಸರನ್ನು ಮಾಡದೆ, ಒಣ ನೆಲದಲ್ಲಿ ಮಳೆಯ ಹದಕ್ಕೆ ಟ್ರ್ಯಾಕ್ಟರಿನ ಕೂರಿಗೆಯಿಂದ ಭತ್ತವನ್ನು ಬಿತ್ತಿದರು. ಇದಕ್ಕೆ ನೇರ ಬಿತ್ತನೆಯೆಂದು ಹೆಸರು. ರೈತರು ಕೂರಿಗೆ ಭತ್ತವೆನ್ನುತ್ತಾರೆ. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಗಂಗಾವತಿಯ ಸಂಶೋಧನಾ ಕೇಂದ್ರದವರು ಈ ಪದ್ಧತಿಯ ಮೇಲೆ ವರ್ಷಗಟ್ಟಲೆ ದುಡಿದಿದ್ದಾರೆ. ಸವಳು ನೆಲದ ಮೇಲಿನ ಅವರ ಕೆಲಸವು ಇನ್ನೂ ಹಳೆಯದು. ಇದನ್ನು ಹೊಸ ಶೋಧವೆಂದು ಹೇಳುವಾಗ ನನಗೆ ಸ್ವಲ್ಪ ನಗು ಬರುತ್ತದೆ. ಧಾರವಾಡ, ಹಾವೇರಿಗಳ ಅರೆಮಲೆನಾಡಿನಲ್ಲಿ ಮಳೆಯನ್ನೇ ನಂಬಿದ ಭತ್ತವನ್ನು ಹಿಂದಿನಿಂದಲೂ ಕೂರಿಗೆಯಿಂದಲೇ ಬಿತ್ತುತ್ತ ಬಂದಿದ್ದಾರೆ. ಹೊಸದೆಂಬುದು ಇಷ್ಟೇ: ಕಾಲುವೆಯ ಸೀಮೆಯೊಳಗೆ, ನೀರು ಧಾರಾಳವಾಗಿರುವಲ್ಲಿ, ನೀರನ್ನು ಬೇಡವೆನ್ನುವ ಧೈರ್ಯ, ಅದಕ್ಕೆ ತಕ್ಕ ತಳಿ, ಯಂತ್ರ, ಕಳೆಯ ಉಪಾಯಗಳು.

ಇದರಿಂದ ಏನಾಗುತ್ತದೆಂಬುದನ್ನು ತಿಳಿಯಬೇಕಾದರೆ ಕೆಸರುಗದ್ದೆಯ ಒಳಗೆ ನಡೆಯುವುದನ್ನು ತಿಳಿಯಬೇಕು. ಒಂದು ಕಿಲೋ ಭತ್ತವನ್ನು ಬೆಳೆಯಲು, ಮಳೆಯನ್ನೂ ಕೂಡಿಸಿ, ಸರಾಸರಿ ಸುಮಾರು 2500 ಲೀಟರ್ ನೀರು ಬೇಕೆಂದು ಬಲ್ಲವರು ಲೆಕ್ಕಹಾಕಿದ್ದಾರೆ. ಅದರಲ್ಲಿ ಗಣನೀಯ ಭಾಗ ಕೆಸರು ಮಾಡುವುದಕ್ಕೂ ನಿಲ್ಲಿಸಿಡುವುದಕ್ಕೂ ಹೋಗುತ್ತದೆ. ಕೂರಿಗೆ ಭತ್ತದಲ್ಲಿ ಸುಮಾರು ಕಾಲುಭಾಗ ನೀರು ಉಳಿಯುತ್ತದೆ. ಇನ್ನೊಂದು ಲಾಭ ಕಣ್ಣಿಗೆ ಕಾಣದ್ದು. ನಿಂತ ನೀರಿನ ಕೆಳಗಿನ ಮಣ್ಣಿಗೆ ಗಾಳಿ ದೊರೆಯದಾಗುತ್ತದೆ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಅಲ್ಲಿನ ಕಸಕಡ್ಡಿಯನ್ನು ಕೊಳೆಯಿಸಿ ಮೀಥೇನ್ ಅನಿಲವನ್ನು ಮಾಡುತ್ತವೆ. ಆ ಅನಿಲವು ಭತ್ತದ ದಂಟಿನ ಟೊಳ್ಳಿನ ಮೂಲಕವೇ ಬಹುಪಾಲು ಹೊರಕ್ಕೆ ಬರುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿಯನ್ನು ಹಿಡಿಯುತ್ತದೆ. ಆದರೆ ಅದರ ಆಯುಸ್ಸು ಕಡಿಮೆ. ಹನ್ನೆರಡು ವರ್ಷದ ಸುಮಾರಿಗೆ ಅದರ ಬಹುಭಾಗ ಅಳಿದುಹೋಗುತ್ತದೆ. ಈ ಒಂದು ಸಂಗತಿ ನನಗೆ ಬೇರಾವ ಸಮಾಧಾನದ ಮಾತಿಗಿಂತ ಹೆಚ್ಚಿನದಾಗಿ ಕಂಡಿತು. ಈಗ ಇಪ್ಪತ್ತು ವರ್ಷದವನಾದ ನಾನು ಮೂವತ್ತೈದು ತುಂಬುವುದರೊಳಗೆ ಫಲವನ್ನು ಕಾಣಬಹುದಾದ ಕೆಲಸ ಈ ಲೋಕದಲ್ಲಿ ಒಂದಾದರೂ ಇದೆ.

ಇದನ್ನೆಲ್ಲ ಉತ್ಸಾಹದಿಂದ ಮಾವನವರಿಗೆ ವಿವರಿಸಿದೆನು. "ಮೀಥೇನ್ ಅಂದ್ರ ಏನೋ ಅಳಿಯಾ, ಗೋಬರ್ ಗ್ಯಾಸು ಹೌದಲ್ಲೋ?" ಎಂದರು. ಹೌದು, ಅದೇ. "ಹಂಗಂದ್ರ ಒಲಿಗೆ ಹಚ್ಚೂದನ್ನ ಆಕಾಶಕ್ಕ ಬಿಡತೀವಿ ಅಂದಂಗಾತು" ಎಂದು ನಕ್ಕು ಸುಮ್ಮನಾದರು. ಅವರು ಕೂರಿಗೆಯನ್ನು ಹಿಡಿದದ್ದು ಲೋಕದ ಉಷ್ಣತೆಯನ್ನು ಇಳಿಸಲೆಂದಲ್ಲ. ನಾಟಿಗೆ ಆಳು ಸಿಗುತ್ತಿರಲಿಲ್ಲ, ಸಿಕ್ಕರೆ ಕೂಲಿ ಎಟಕುತ್ತಿರಲಿಲ್ಲ. ಕಾಲುವೆಗೆ ನೀರು ಎಂದು ಬರುವುದೆಂಬುದು ಗೊತ್ತಿರಲಿಲ್ಲ. ಇದು ಮುಖ್ಯವಾದ ಮಾತೆಂದು ನಾನು ತಿಳಿಯುತ್ತೇನೆ. ರೈತನ ಲಾಭವೂ ಲೋಕದ ಲಾಭವೂ ಒಂದೇ ಸಾಲಿನಲ್ಲಿ ಬಿದ್ದರೆ ಮಾತ್ರ ಆ ಪದ್ಧತಿ ಊರಿಂದೂರಿಗೆ ಹಬ್ಬುತ್ತದೆ.

ಆದರೆ ಪದ್ಧತಿಯನ್ನು ಹೊಗಳಿ ಕಷ್ಟವನ್ನು ಮುಚ್ಚಿಡುವುದು ಸರಿಯಲ್ಲ. ಮೊದಲನೆಯ ವರ್ಷ ಹುಲ್ಲು ಎದ್ದದ್ದನ್ನು ನೋಡಿದರೆ ಭತ್ತವನ್ನು ಬಿತ್ತಿದ್ದಾರೋ ಹುಲ್ಲನ್ನು ಬಿತ್ತಿದ್ದಾರೋ ತಿಳಿಯುತ್ತಿರಲಿಲ್ಲ. ನಿಂತ ನೀರು ಕಳೆಯನ್ನು ತುಳಿಯುವ ಕಾವಲುಗಾರ. ಅದನ್ನು ತೆಗೆದ ಮೇಲೆ ಕಾವಲಿಗೆ ಬೇರೆ ಯಾರಾದರೂ ಬೇಕು. ಕಳೆನಾಶಕದ ಸಿಂಪಡಣೆ ಎರಡು ದಿನ ತಡವಾಯಿತು. ಹೊಲದ ಮಟ್ಟವೂ ಸರಿಯಿರಲಿಲ್ಲ. ಅತ್ತೆಯವರು ಹದಿನೈದು ದಿನ ಬಗ್ಗಿ ಕಳೆ ತೆಗೆದರು. ಕಡೆಗೆ ನಾಟಿಯ ಮೂರು ಎಕರೆಯಲ್ಲಿ ಎಕರೆಗೆ 75 ಕಿಲೋದ 36 ಚೀಲ ಬಂದರೆ, ಕೂರಿಗೆಯಲ್ಲಿ 31 ಬಂದಿತು. ಸಸಿಮಡಿ, ಕೆಸರು, ನಾಟಿಯ ಕೂಲಿ ಉಳಿದದ್ದನ್ನು ಲೆಕ್ಕಕ್ಕೆ ಹಿಡಿದಾಗ ಎರಡೂ ಹೆಚ್ಚುಕಡಿಮೆ ಸಮವಾದವು. ಈ ಲೆಕ್ಕವನ್ನು ಬರೆದಿಟ್ಟವನು ನಾನು. ಅತ್ತೆಯವರ ಹದಿನೈದು ದಿನಕ್ಕೆ ಕೂಲಿಯನ್ನು ಹಾಕಿರಲಿಲ್ಲವೆಂಬುದು ಆಮೇಲೆ ನೆನಪಾಯಿತು. 2025ರಲ್ಲಿ ಹೊಲವನ್ನು ಮಟ್ಟಮಾಡಿಸಿ, ಔಷಧವನ್ನು ದಿನಕ್ಕೆ ಸರಿಯಾಗಿ ಹೊಡೆದು ಬಿತ್ತಿದಾಗ ಫಲ ಎರಡೇ ಚೀಲ ಕಡಿಮೆಯಾಯಿತು, ಅತ್ತೆಯವರು ಗದ್ದೆಗೆ ಇಳಿದದ್ದು ನಾಲ್ಕೇ ದಿನ. ಕಳೆನಾಶಕವು ಮಣ್ಣಿಗೂ ನೀರಿಗೂ ಮಾಡುವ ಕೇಡನ್ನು ನಾನು ಮರೆತಿಲ್ಲ. ಒಣ ನೆಲದಲ್ಲಿ ಯೂರಿಯಾವನ್ನು ಅತಿಯಾಗಿ ಹಾಕಿದರೆ ನೈಟ್ರಸ್ ಆಕ್ಸೈಡ್ ಎಂಬ ಇನ್ನೊಂದು ಬಿಸಿ ಅನಿಲವು ಹೆಚ್ಚುತ್ತದೆಂಬುದೂ ನಿಜ. ಒಂದು ಬಾಗಿಲನ್ನು ಹಾಕಿ ಇನ್ನೊಂದನ್ನು ತೆರೆಯದಂತೆ ನೋಡಿಕೊಳ್ಳಬೇಕು.

ನಾಟಿ ಮಾಡಿದ ಮೂರು ಎಕರೆಯಲ್ಲಿ ಇನ್ನೊಂದು ಪ್ರಯೋಗವನ್ನು ನಾನೇ ಮಾಡಿಸಿದೆನು. ಅದು ಅರ್ಧ ಸೋತಿತು. ಫಿಲಿಪೈನ್ಸಿನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಒಂದು ಸರಳವಾದ ಉಪಾಯವನ್ನು ಪ್ರಚಾರಕ್ಕೆ ತಂದಿದ್ದಾರೆ. ಮೂವತ್ತು ಸೆಂಟಿಮೀಟರ್ ಉದ್ದದ ಕೊಳವೆಗೆ ತೂತುಗಳನ್ನು ಕೊರೆದು ಗದ್ದೆಯಲ್ಲಿ ಹೂಳುವುದು. ಒಳಗಿನ ನೀರು ನೆಲದ ಮಟ್ಟದಿಂದ ಹದಿನೈದು ಸೆಂಟಿಮೀಟರ್ ಕೆಳಕ್ಕೆ ಇಳಿಯುವವರೆಗೆ ಮತ್ತೆ ನೀರು ಕಟ್ಟದಿರುವುದು. ಮೇಲೆ ನೆಲ ಆರಿ ಬಿರಿಯುತ್ತಿದ್ದರೂ ಬೇರಿಗೆ ನೀರು ಎಟಕುತ್ತಿರುತ್ತದೆ. ನಡುನಡುವೆ ಮಣ್ಣು ಗಾಳಿಯಾಡುವುದರಿಂದ ಮೀಥೇನ್ ಅರ್ಧಕ್ಕೆ ಹತ್ತಿರ ಇಳಿಯುತ್ತದೆ. ಹಳೆಯ ಪಿವಿಸಿ ಪೈಪಿನ ತುಂಡಿನಿಂದ ನಾನು ಎರಡು ಕೊಳವೆಗಳನ್ನು ಮಾಡಿ ಹೂಳಿದೆನು. ಮಾವನವರು ಬಗ್ಗಿ ನೋಡಿ, ನೆಲ ಆರಿದ್ದರೂ ಕೊಳವೆಯಲ್ಲಿ ನೀರಿದ್ದುದನ್ನು ಕಂಡು ಬೆರಗಾದರು. ಆದರೂ ಕಾಲುವೆಗೆ ನೀರು ಬಂದೊಡನೆ ಮಡಿಗೆ ತಿರುಗಿಸಿಬಿಟ್ಟರು. "ಇವತ್ತ ಬಿಟ್ಟರ ಮುಂದಿನ ಪಾಳಿಗೆ ಬರತೈತಿ ಅಂತ ನೀ ಬರದು ಕೊಡತೀಯೇನು?" ಎಂದು ಕೇಳಿದರು. ನಾನು ಹೇಗೆ ಬರೆದುಕೊಡಲಿ? ಅವರ ಹೊಲವು ಉಪಕಾಲುವೆಯ ಕೊನೆಭಾಗದಲ್ಲಿದೆ. ನೀರು ಹೊತ್ತಿಗೆ ಬರುವುದೆಂಬ ನಂಬಿಕೆಯಿಲ್ಲದವನಿಗೆ ನೀರನ್ನು ಮಿತವಾಗಿ ಬಳಸೆಂದು ಉಪದೇಶಿಸುವುದು, ಊಟ ಎಂದು ಸಿಗುವುದೋ ತಿಳಿಯದವನಿಗೆ ಪಥ್ಯ ಹೇಳಿದಂತೆಯೇ ಸರಿ. ಕೊಳವೆಯ ಬೆಲೆ ಏನೂ ಇಲ್ಲ. ಅದು ಕೆಲಸ ಮಾಡಬೇಕಾದರೆ ಕಾಲುವೆಯ ಪಾಳಿ ನೆಟ್ಟಗಿರಬೇಕು.

ಈಗ ನನ್ನ ಮುಖ್ಯವಾದ ಅಭಿಪ್ರಾಯಕ್ಕೆ ಬರುತ್ತೇನೆ. ನಮ್ಮ ಭಯವನ್ನು ಇಳಿಸಬಲ್ಲ ಪದ್ಧತಿಗಳಿಗೆ ಕೊರತೆಯಿಲ್ಲ. ಸವಳು ಬಿದ್ದ ನೆಲದಲ್ಲಿ ಮೂರು ಅಡಿಯಷ್ಟು ಆಳಕ್ಕೆ ತೂತಿನ ಕೊಳವೆಗಳನ್ನು ಹೂಳಿ ಉಪ್ಪು ನೀರನ್ನು ಬಸಿದು ತೆಗೆಯುವ ವಿದ್ಯೆ ಗಂಗಾವತಿಯಲ್ಲಿಯೇ ಇದೆ. 2025ರ ಮೇ ತಿಂಗಳಿನಲ್ಲಿ ಜೀನುಗಳನ್ನು ತಿದ್ದಿ ಮಾಡಿದ ಎರಡು ಭತ್ತದ ತಳಿಗಳನ್ನು ಕೇಂದ್ರ ಸರ್ಕಾರ ಪ್ರಕಟಿಸಿತು; ಒಂದು ಬೇಗ ಕೊಯ್ಲಿಗೆ ಬರುವುದೆಂದೂ, ಇನ್ನೊಂದು ಉಪ್ಪನ್ನೂ ಬರವನ್ನೂ ತಡೆಯುವುದೆಂದೂ ಹೇಳಿದರು. ಅವು ನಮ್ಮ ಹೊಲಕ್ಕೆ ಬಂದು ಒಂದೆರಡು ಬೆಳೆ ಕಳೆಯುವವರೆಗೆ ನಾನು ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. ಕೊರತೆಯಿರುವುದು ಬೇರೊಂದರಲ್ಲಿ. ಮೊದಲನೆಯ ವರ್ಷದ ಆ ಐದು ಚೀಲದ ನಷ್ಟವನ್ನು ಹೊರುವವರು ಯಾರು? ಮಾವನವರು ಹೊಲದ ಒಡೆಯರಿಗೆ ಎಕರೆಗೆ ಇಷ್ಟು ಚೀಲವೆಂದು ಮಾತು ಕೊಟ್ಟಿದ್ದಾರೆ. ಬೆಳೆ ಹೆಚ್ಚಾದರೂ ಕಡಿಮೆಯಾದರೂ ಆ ಚೀಲಗಳು ಹೋಗಲೇಬೇಕು. ಪಹಣಿ ಒಡೆಯರ ಹೆಸರಿನಲ್ಲಿದೆ. ಆದುದರಿಂದ ಸಹಾಯಧನ ಬಂದರೆ ಒಡೆಯರಿಗೆ, ಪರಿಹಾರ ಬಂದರೆ ಒಡೆಯರಿಗೆ, ಕಳೆ ಮಾತ್ರ ಮಾವನವರಿಗೆ. ಅವರು ಧೈರ್ಯಶಾಲಿಗಳಾದ್ದರಿಂದ ಎರಡು ಎಕರೆಯಲ್ಲಿ ಪರೀಕ್ಷಿಸಿದರು. ಧೈರ್ಯವನ್ನೇ ನೆಚ್ಚಿಕೊಂಡು ನಾಡಿನ ಕೃಷಿ ನೀತಿಯನ್ನು ನಡೆಸಬಹುದೆ? ಲಾವಣಿದಾರನ ಹೆಸರನ್ನು ಒಂದು ಕಾಗದದಲ್ಲಿ ಬರೆದು, ಹೊಸ ಪದ್ಧತಿಯ ಮೊದಲೆರಡು ವರ್ಷದ ನಷ್ಟವನ್ನು ಸರ್ಕಾರವು ಹಂಚಿಕೊಂಡರೆ, ಕೂರಿಗೆ ಭತ್ತವನ್ನು ಹಬ್ಬಿಸಲು ಭಾಷಣವೇ ಬೇಕಾಗಲಾರದು. ಮೀಥೇನ್ ಉಳಿಸಿದ್ದಕ್ಕೆ ಹಣ ಕೊಡುತ್ತೇವೆಂದು ಹೇಳಿಕೊಂಡು ಬರುವ ವ್ಯಾಪಾರಸ್ಥರೂ ಇದ್ದಾರೆ. ಆ ಹಣ ಉತ್ತವನಿಗೋ ಪಹಣಿಯವನಿಗೋ ಎಂಬುದನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಇಲ್ಲಿ ಒಂದು ಆಕ್ಷೇಪಣೆಯನ್ನು ನನ್ನ ಸಹಪಾಠಿಯೊಬ್ಬರು ಎತ್ತಿದ್ದಾರೆ, ಅದಕ್ಕೆ ಉತ್ತರ ಕೊಡದೆ ಮುಂದುವರಿಯಲಾರೆ. "ನಿಮ್ಮ ಊರ ಚಿಮಣಿಗಳು ಹಗಲೂ ರಾತ್ರಿ ಹೊಗೆಯುಗುಳುತ್ತಿರುವಾಗ ಎರಡೆಕರೆ ಭತ್ತದ ಗುಳ್ಳೆಗಳನ್ನು ಎಣಿಸುವುದು ಹಾಸ್ಯಾಸ್ಪದ" ಎಂದು ಅವರ ವಾದ. ಗಿಣಿಗೇರಾದವನಾದ ನನಗೆ ಇದು ನಾಟುವ ಮಾತು. ನಮ್ಮ ಸಜ್ಜೆಯ ತೆನೆಯನ್ನು ಹಿಡಿದು ಕೈಯನ್ನು ನೋಡಿಕೊಂಡರೆ ಕಪ್ಪಾಗಿರುತ್ತದೆ. ಅವ್ವ ಅಂಗಳದಲ್ಲಿ ಹಪ್ಪಳವನ್ನು ಒಣಗಿಸುವುದನ್ನು ಬಿಟ್ಟು ವರ್ಷಗಳಾದವು. 2025ರ ಫೆಬ್ರುವರಿಯಲ್ಲಿ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ ಕೊಪ್ಪಳವಿಡೀ ಬಂದ್ ಆದಾಗ ನಾವೆಲ್ಲರೂ ಬೀದಿಗೆ ಬಂದಿದ್ದೆವು. ಲೋಕದ ಮಟ್ಟದಲ್ಲಿಯೂ ಇದೇ ವಾದವಿದೆ. 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ನೂರಕ್ಕೂ ಹೆಚ್ಚು ದೇಶಗಳು ಮೀಥೇನ್ ತಗ್ಗಿಸುವ ಪ್ರತಿಜ್ಞೆಗೆ ಸೇರಿದಾಗ ಭಾರತವು ಸೇರಲಿಲ್ಲ. ಭತ್ತ, ದನಕರುಗಳಿಂದ ಬರುವ ಅನಿಲವು ಸಣ್ಣ ರೈತರ ಹೊಟ್ಟೆಯ ಪ್ರಶ್ನೆಯೆಂಬುದು ನಮ್ಮ ದೇಶದ ನಿಲುವು. ಆ ನಿಲುವು ನ್ಯಾಯವಾದುದೆಂದೇ ನಾನೂ ತಿಳಿದಿದ್ದೇನೆ. ಆದರೆ ಚಿಮಣಿಯ ತಪ್ಪನ್ನು ತೋರಿಸಿ ಗದ್ದೆಯ ಕೆಲಸವನ್ನು ನಿಲ್ಲಿಸಿದರೆ ನಷ್ಟವಾಗುವುದು ಚಿಮಣಿಗಲ್ಲ. ಮಾವನವರಿಗೆ ಉಳಿದ ನೀರು ಅವರಿಗೇ ಉಳಿಯಿತು. ಅವರ ಆಚೆಗಿನ ಹೊಲದವರಿಗೆ ಉಳಿಯಿತು. ಚಿಮಣಿಯ ಲೆಕ್ಕವನ್ನು ಬೇರೆ ಪುಸ್ತಕದಲ್ಲಿ ಬರೆದು, ಅದನ್ನೂ ವಸೂಲಿ ಮಾಡೋಣ.

ಕೈಯಲ್ಲಿ ಕೆಲಸವಿದ್ದರೆ ಜನರು ಸೇರುತ್ತಾರೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ನಿದರ್ಶನವಿದೆ. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿಯವರ ಮುಂದಾಳುತನದಲ್ಲಿ ಹಿರೇಹಳ್ಳವನ್ನು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಜಾಲಿ ಕಡಿದು, ಹೂಳು ತೆಗೆದು ಸ್ವಚ್ಛಮಾಡಿದರು. ಹಣ ಕೊಟ್ಟವರು ಹಣ, ಯಂತ್ರ ಕೊಟ್ಟವರು ಯಂತ್ರ, ಏನೂ ಇಲ್ಲದವರು ಮೈದುಡಿತವನ್ನು ಕೊಟ್ಟರು. ನಮ್ಮ ಗಿಣಿಗೇರಾ ಕೆರೆಯ ಕೆಲಸವೂ ಅದೇ ಬಗೆಯಲ್ಲಿ ಬಳಿಕ ನಡೆಯಿತು. ಆ ಕೆರೆಯ ದಂಡೆಯಲ್ಲಿ ನಾನೂ ಬುಟ್ಟಿಯನ್ನು ಹೊತ್ತಿದ್ದೇನೆ. ಆ ದಿನಗಳಲ್ಲಿ ಹವಾಮಾನದ ಚಿಂತೆಯಿಂದ ನಿದ್ರೆಗೆಟ್ಟದ್ದು ನೆನಪಿಲ್ಲ. ಬೆನ್ನು ನೋವಿನಿಂದ ಕೆಟ್ಟದ್ದುಂಟು.

ನಮ್ಮ ಸ್ವಂತ ಮೂರು ಎಕರೆಯ ವಿಷಯವನ್ನು ಹೇಳದಿದ್ದರೆ ತಂದೆಯವರ ಪ್ರಶ್ನೆಯನ್ನು ಮರೆತಂತಾಗುತ್ತದೆ. ಅಲ್ಲಿ ಕಾಲುವೆಯಿಲ್ಲ, ಕೂರಿಗೆ ಹೊಸದಲ್ಲ. ಮಾಡಿದ್ದು ಸ್ವಲ್ಪ. ಇಳಿಜಾರಿಗೆ ಅಡ್ಡಲಾಗಿ ಬದುಗಳನ್ನು ಸರಿಪಡಿಸಿ, ಮಳೆ ಬಿದ್ದಲ್ಲಿಯೇ ನಿಲ್ಲುವಂತೆ ಚೌಕುಮಡಿಗಳನ್ನು ಕಟ್ಟಿದೆವು. ಬರಿಯ ಸಜ್ಜೆಯನ್ನು ಬಿತ್ತುವುದನ್ನು ಬಿಟ್ಟು ನಡುನಡುವೆ ತೊಗರಿಯ ಸಾಲುಗಳನ್ನು ಹಾಕಿದೆವು. ಸಜ್ಜೆ ಮೂರು ತಿಂಗಳಿಗೆ ಮನೆಗೆ ಬರುತ್ತದೆ, ತೊಗರಿಯ ಬೇರು ಆಳಕ್ಕೆ ಹೋಗಿ ಹಿಂಗಾರಿನವರೆಗೆ ತಾಳುತ್ತದೆ. ಒಂದು ಮಳೆ ತಪ್ಪಿದರೆ ಒಂದಾದರೂ ಕೈಗೆ ಬರುತ್ತದೆ. 2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆ‌ಂದು ಆಚರಿಸಿತು. ನಮ್ಮ ಊರ ಸಜ್ಜೆಗೆ ಆ ವರ್ಷವೇ ಮಳೆ ತಪ್ಪಿದ್ದು ವಿಪರ್ಯಾಸ. ಕೃಷಿ ಹೊಂಡಕ್ಕೆ ಅರ್ಜಿ ಹಾಕಿದ್ದೇವೆ. ತೊಗರಿಯ ಸಾಲನ್ನು ನಾನು ಪುಸ್ತಕದಲ್ಲಿ ಓದಿ ಹೇಳಿದಾಗ ತಂದೆಯವರು "ಇದನ್ನ ನಿಮ್ಮಜ್ಜ ಮಾಡತಿದ್ದ, ನಾವ ಬಿಟ್ಟಿವಿ" ಎಂದರು. ಹೊಲವನ್ನು ಇನ್ನೂ ಮಾರಿಲ್ಲ. ಮಾರುವುದೇ ಇಲ್ಲವೆಂದು ನಾನು ಇಲ್ಲಿ ಪ್ರತಿಜ್ಞೆ ಮಾಡಲಾರೆ. ತಂಗಿಯ ಮದುವೆಯಿದೆ, ನನಗೆ ಕೆಲಸ ಸಿಗಬೇಕು.

ಇಷ್ಟನ್ನು ಬರೆದ ಮೇಲೆ ಕಾಲೇಜಿನ ಹಿರಿಯರಲ್ಲಿ ಎರಡು ಬಿನ್ನಹಗಳಿವೆ. ನಮ್ಮದು ಕಲಾ ಕಾಲೇಜು, ನಮಗೆ ಪ್ರಯೋಗಶಾಲೆಯಿಲ್ಲ, ನಿಜ. ಆದರೆ ಮಳೆ ಅಳೆಯುವ ಒಂದು ಮಾಪಕವನ್ನು ಕಟ್ಟಡದ ಮಾಳಿಗೆಯ ಮೇಲೆ ಇಡಲು ವಿಜ್ಞಾನದ ಪದವಿ ಬೇಕಾಗಿಲ್ಲ. ಪ್ರತಿದಿನ ಬೆಳಿಗ್ಗೆ ಒಬ್ಬ ವಿದ್ಯಾರ್ಥಿ ನೋಡಿ ಬರೆದರೆ ಸಾಕು. ಎರಡನೆಯದು, ನಮ್ಮಲ್ಲಿ ಅರ್ಥಶಾಸ್ತ್ರವನ್ನು ಓದುವವರು ವರ್ಷಕ್ಕೊಂದು ಕಿರುಪ್ರಬಂಧವನ್ನು ಬರೆಯಬೇಕಾಗುತ್ತದೆ. ಅದಕ್ಕಾಗಿ ಮೊಬೈಲಿನಿಂದ ನಕಲು ಮಾಡುವ ಬದಲು ತಮ್ಮ ಮನೆಯ ಅಥವಾ ನೆಂಟರ ಒಂದು ಹೊಲದ ಲೆಕ್ಕವನ್ನು, ಬಿತ್ತನೆಯಿಂದ ಕೊಯ್ಲಿನವರೆಗೆ, ಹೆಂಗಸರ ದುಡಿತವನ್ನೂ ಸೇರಿಸಿ ಬರೆಯಲು ಅವಕಾಶ ಮಾಡಿಕೊಡಬೇಕು. ಗಂಗಾವತಿಯ ಸಂಶೋಧನಾ ಕೇಂದ್ರದ ತಜ್ಞರನ್ನು ಒಮ್ಮೆ ಕರೆಸಿ ಆ ಲೆಕ್ಕಗಳನ್ನು ಅವರ ಮುಂದೆ ಇಟ್ಟರೆ ಮಾತು ಎರಡೂ ಕಡೆಯಿಂದ ನಡೆದೀತು.

ಮಾವನವರು ಮುಂದಿನ ಮುಂಗಾರಿಗೆ ನಾಲ್ಕು ಎಕರೆಗೆ ಕೂರಿಗೆ ಹಿಡಿಯುವುದಾಗಿ ಹೇಳಿದ್ದಾರೆ. ಒಂದು ಎಕರೆಯನ್ನು ಅತ್ತೆಯವರ ಮಾತಿಗೆ ನಾಟಿಗಾಗಿ ಉಳಿಸಿಕೊಂಡಿದ್ದಾರೆ. ನನ್ನ ಲೆಕ್ಕದ ವಹಿಯಲ್ಲಿ ಕಳೆ ತೆಗೆದ ದಿನಗಳಿಗೆ ಬೇರೆ ಅಂಕಣವನ್ನು ಹಾಕಿದ್ದೇನೆ. ಕಾಲುವೆ ಸೀಮೆಯಲ್ಲಿ ಹೊಲವುಳ್ಳ ಅಥವಾ ಲಾವಣಿಗೆ ಹಿಡಿದ ಮನೆಯ ಸ್ನೇಹಿತರಾರಾದರೂ ಇದೇ ಬಗೆಯ ವಹಿಯನ್ನು ಇಡಲು ಇಚ್ಛಿಸಿದರೆ ಅದರ ನಕಲನ್ನು ಕೊಡುತ್ತೇನೆ. ಪರೀಕ್ಷೆ ಮುಗಿದ ಮೇಲೆ ಜೂನಿನವರೆಗೆ ನಾನು ಊರಲ್ಲಿಯೇ ಇರುತ್ತೇನೆ.